ಗೇಮ್ ಓಡುತ್ತಾ? ಚಿಕ್ಕಬಳ್ಳಾಪುರ ಸೀಮೆಯ ಮನೆ ಕಂಪ್ಯೂಟರುಗಳ ಕಾಲು ಶತಮಾನ

ಮನೆಯ ಕಂಪ್ಯೂಟರನ್ನು ಬಿಚ್ಚಿ, ಒಂದು ಪಾರ್ಟು ತೆಗೆದು ಇನ್ನೊಂದು ಕೂರಿಸಿ, ಅದುವರೆಗೆ ಓಡದ ಆಟವನ್ನು ಓಡಿಸುವ ರೂಢಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಬೇರುಬಿಟ್ಟದ್ದು 2000ದ ಈಚೆಗೆ. ಆಗ ಈ ನಾಲ್ಕೂ ಕೋಲಾರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ 60 ಕಿಲೋಮೀಟರಿನೊಳಗೆ, ಶಿಡ್ಲಘಟ್ಟ ಅದಕ್ಕಿಂತ ಸ್ವಲ್ಪ ಆಚೆ, ಗೌರಿಬಿದನೂರು ಮತ್ತು ಚಿಂತಾಮಣಿ 75 ಕಿಲೋಮೀಟರಿನ ಆಸುಪಾಸು. ಬೆಳಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಆದರೆ ತಂದ ಪಾರ್ಟು ಕೂಡಲಿಲ್ಲ ಎಂದು ಮರುದಿನವೇ ಮತ್ತೆ ಹೋಗುವಷ್ಟು ಹತ್ತಿರವೂ ಅಲ್ಲ. ಇಲ್ಲಿಯ ಕಂಪ್ಯೂಟರ್ ವಿದ್ಯೆಗೆ ಆಕಾರ ಕೊಟ್ಟದ್ದು ಬಹುಮಟ್ಟಿಗೆ ಈ ದೂರವೇ. ಬೆಂಗಳೂರಿನ ಹುಡುಗ ಅಂಗಡಿಯವನನ್ನು ಕೇಳಿ ಕೊಳ್ಳಬಹುದಿತ್ತು. ಇಲ್ಲಿಯವನು ಎಲ್ಲ ತಿಳಿದುಕೊಂಡೇ ಬಸ್ಸು ಹತ್ತಬೇಕಿತ್ತು.

ದೊಡ್ಡ ಯಂತ್ರಗಳು ಈ ಸೀಮೆಗೆ ಹೊಸವಲ್ಲ. ಗೌರಿಬಿದನೂರಿನ ಗಟ್ಟಿ ಬಂಡೆಯ ನೆಲ ಸದ್ದಿಲ್ಲದ್ದು ಎಂಬ ಕಾರಣಕ್ಕೆ ಇಂದಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು 1960ರ ದಶಕದ ನಡುವಿನಲ್ಲೇ ಅಲ್ಲಿ ಭೂಕಂಪನ ಮಾಪಕಗಳ ಸಾಲು ನೆಟ್ಟಿದ್ದರು. ಮುಂದಿನ ದಶಕದಲ್ಲಿ ಅದೇ ತಾಲ್ಲೂಕಿನಲ್ಲಿ ರೇಡಿಯೋ ದೂರದರ್ಶಕವೂ ಎದ್ದಿತು. ಇವೆಲ್ಲ ಬೇಲಿಯೊಳಗಿನ ವಿಜ್ಞಾನ. ಊರಿನವರ ಕೈಗೆ ಬಂದದ್ದಲ್ಲ. ಚಿಕ್ಕಬಳ್ಳಾಪುರದಲ್ಲಿ 1986ರಲ್ಲಿ ಶುರುವಾದ ಎಸ್‌ಜೆಸಿ ಇಂಜಿನಿಯರಿಂಗ್ ಕಾಲೇಜು, ಕಿಯೋನಿಕ್ಸ್ ಹೆಸರಿನ ತರಬೇತಿ ಕೇಂದ್ರಗಳು, ಡಿಟಿಪಿ ಅಂಗಡಿಗಳು ಕಂಪ್ಯೂಟರನ್ನು ಪೇಟೆಬೀದಿಗೆ ತಂದವು. ರೈತರ ಮಟ್ಟಿಗೆ ಅದನ್ನು ಕಣ್ಣಿಗೆ ಕಾಣಿಸಿದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ತಾಲ್ಲೂಕು ಕಚೇರಿಗಳಲ್ಲಿ ಕೈಬರಹದ ಪಹಣಿ ಹೋಗಿ ಪ್ರಿಂಟಾದ ಪಹಣಿ ಬಂದಾಗ, ಕಿಟಕಿಯಾಚೆಗಿನ ಆ ಪೆಟ್ಟಿಗೆ ಹೊಲದ ಸರ್ವೆ ನಂಬರನ್ನೂ ಬಲ್ಲದು ಎಂಬ ಗೌರವ ಹುಟ್ಟಿತು. ಮಗನಿಗೊಂದು ಕೊಡಿಸೋಣ ಎನ್ನುವ ಮಾತಿಗೆ ಆ ಗೌರವ ಸಾಕಾಗಿತ್ತು.

ಮನೆಗೆ ಬಂದ ಮೊದಲ ಯಂತ್ರಗಳಲ್ಲಿ ಕಂಪನಿಯವು ಕಡಿಮೆ, ಅಸೆಂಬಲ್ ಮಾಡಿಸಿದ ‘ಸಿಸ್ಟಂ’ಗಳೇ ಹೆಚ್ಚು. ಸೆಲೆರಾನ್ ಅಥವಾ ಪೆಂಟಿಯಂ 4, 128 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್‌ಡಿಸ್ಕ್, 15 ಇಲ್ಲವೇ 17 ಇಂಚಿನ ಡಬ್ಬಾ ಮಾನಿಟರ್, ಅದರ ಮೇಲೊಂದು ಬಟ್ಟೆಯ ಕವರು. ಕೊಳ್ಳುವಾಗ ಹೇಳಿದ ಕಾರಣ ಎಲ್ಲ ಮನೆಯಲ್ಲೂ ಒಂದೇ: ಓದಿಗೆ. ಆ ಕಾರಣ ಪೂರ್ತಿ ಸುಳ್ಳೂ ಅಲ್ಲ. ಆದರೆ ಕೊಂಡ ಯಂತ್ರ ಎರಡೇ ವರ್ಷಕ್ಕೆ ಸಾಲದಾಗಿದ್ದು ಓದಿನಿಂದಲ್ಲ. ಸಿ ಭಾಷೆಯ ಪ್ರೋಗ್ರಾಂ, ಪ್ರಾಜೆಕ್ಟ್ ರಿಪೋರ್ಟು, ‘ನುಡಿ’ ಇಲ್ಲವೇ ‘ಬರಹ’ ತಂತ್ರಾಂಶದಲ್ಲಿ ಟೈಪು ಮಾಡಿದ ಅರ್ಜಿ, ಇವಕ್ಕೆಲ್ಲ ಆ ಸಿಸ್ಟಂ ಹತ್ತು ವರ್ಷ ಬಾಳುತ್ತಿತ್ತು. ಯಂತ್ರದ ಆಯಸ್ಸನ್ನು ಕತ್ತರಿಸಿದ್ದು ಆಟ.

ಆಟದ ರುಚಿ ಹತ್ತಿಸಿದ್ದು ಸೈಬರ್ ಸೆಂಟರುಗಳು. 2003ರಲ್ಲಿ ಬಂದ ಕೌಂಟರ್-ಸ್ಟ್ರೈಕ್ 1.6 ಕೇಳುತ್ತಿದ್ದದ್ದು 500 ಮೆಗಾಹರ್ಟ್ಸ್ ಪ್ರೊಸೆಸರ್ ಮತ್ತು 96 ಎಂಬಿ ರ‍್ಯಾಮ್ ಮಾತ್ರ. ಇಂಟರ್‌ನೆಟ್ ಕೂಡ ಬೇಕಿರಲಿಲ್ಲ. ಎಂಟು ಪೋರ್ಟಿನ ಒಂದು ಸ್ವಿಚ್ಚಿಗೆ ಎಂಟು ಸಿಸ್ಟಂ ಸಿಕ್ಕಿಸಿ, ಅವುಗಳಲ್ಲೊಂದನ್ನು ಸರ್ವರ್ ಮಾಡಿದರೆ ಮುಗಿಯಿತು. ಎದುರಾಳಿ ಪಕ್ಕದ ಕ್ಯಾಬಿನ್ನಿನಲ್ಲೇ ಇದ್ದ, ಬೈಗುಳ ನೇರವಾಗಿ ಕೇಳುತ್ತಿತ್ತು. ತೆಲುಗು, ಕನ್ನಡ, ಉರ್ದು ಒಟ್ಟಿಗೆ ಓಡಾಡುವ ಈ ಊರುಗಳಲ್ಲಿ ಬೈಗುಳಕ್ಕೆ ಕೊರತೆ ಎಲ್ಲಿ? ‘ಡಸ್ಟ್ 2’ ಎಂಬ ಮರಳುಗಾಡಿನ ನಕ್ಷೆಯ ಸಂದುಗೊಂದಿಗಳು ಸ್ವಂತ ಊರಿನ ಗಲ್ಲಿಗಳಷ್ಟೇ ಪರಿಚಿತವಾದವು. ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಡುವ ಈ ವ್ಯವಸ್ಥೆ ಸಡಿಲವಾಗಲು ಎರಡು ಕಾರಣ. ಸೈಬರ್ ಸೆಂಟರಿನ ನಿಯಮಗಳು ಬಿಗಿಯಾದದ್ದು ಒಂದು. ಗುರುತಿನ ಚೀಟಿ ಪಡೆಯಬೇಕು, ಬಂದುಹೋದವರ ಲೆಕ್ಕ ಒಂದು ವರ್ಷ ಇಟ್ಟುಕೊಳ್ಳಬೇಕು, ಕ್ಯಾಬಿನ್ನಿನ ಗೋಡೆ ನಾಲ್ಕೂವರೆ ಅಡಿ ಮೀರಬಾರದು ಎಂದು 2011ರ ಕೇಂದ್ರ ನಿಯಮಗಳು ವಿಧಿಸಿದವು. ಇನ್ನೊಂದು, ಮನೆಯಲ್ಲೇ ಸಿಸ್ಟಂ ಇರುವಾಗ ಹೊರಗೆ ದುಡ್ಡು ಏಕೆ ಎಂಬ ಸರಳ ಲೆಕ್ಕ. ಅಲ್ಲಿಂದ ಹುಟ್ಟಿದ ಪ್ರಶ್ನೆಯೇ, ‘ನಮ್ಮ ಸಿಸ್ಟಮ್ಮಲ್ಲಿ ಈ ಗೇಮ್ ಓಡುತ್ತಾ?’

ಮೊದಲ ಉತ್ತರ ಯಾವಾಗಲೂ ರ‍್ಯಾಮ್. ವಿಂಡೋಸ್ ಎಕ್ಸ್‌ಪಿಯನ್ನೂ ಒಂದು ಆ್ಯಂಟಿವೈರಸ್ಸನ್ನೂ ಹೊತ್ತ ಮೇಲೆ 128 ಎಂಬಿಯಲ್ಲಿ ಆಟಕ್ಕೆ ಉಳಿಯುವುದು ಚೂರುಪಾರು. ಮೆಮೊರಿ ಸಾಲದೆ ಯಂತ್ರ ಹಾರ್ಡ್‌ಡಿಸ್ಕನ್ನೇ ಮೆಮೊರಿಯಾಗಿ ಬಳಸಲು ಹೊರಟರೆ ಡಿಸ್ಕು ಗರಗರ ಸದ್ದು ಮಾಡುತ್ತಿತ್ತು, ಚಿತ್ರ ನಿಂತು ನಿಂತು ಹೋಗುತ್ತಿತ್ತು. ಇದಕ್ಕೇ ‘ಹ್ಯಾಂಗು’ ಎಂದು ಹೆಸರು. ಇನ್ನೊಂದು ರ‍್ಯಾಮ್ ಕಡ್ಡಿ ಸಿಕ್ಕಿಸುವುದು ಐದು ನಿಮಿಷದ ಕೆಲಸ. ಯಾವ ಕಡ್ಡಿ ಎಂದು ತಿಳಿಯುವುದೇ ವಿದ್ಯೆ. ಎಸ್‌ಡಿ ರ‍್ಯಾಮಿಗೆ 168 ಪಿನ್ನು, ಡಿಡಿಆರ್‌ಗೆ 184, ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240. ಪಿನ್ನಿನ ಲೆಕ್ಕ ಒಂದೇ ಆದರೂ ಕಚ್ಚಿನ ಜಾಗ ಬೇರೆಯಾದ್ದರಿಂದ ಒಂದರ ಸ್ಲಾಟಿಗೆ ಇನ್ನೊಂದು ಕೂರದು. ಬಲವಂತ ಮಾಡಿದವರು ಸ್ಲಾಟು ಮುರಿದುಕೊಂಡರು. ಆದ್ದರಿಂದ ಬೆಂಗಳೂರಿಗೆ ಹೊರಡುವವರು ಹಳೆಯ ಕಡ್ಡಿಯನ್ನೇ ಬಿಚ್ಚಿ, ಕಾಗದದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಳ್ಳುವುದು ರೂಢಿಯಾಯಿತು. ಪಂಪಿನ ವಾಷರು ತರಲು ಹೋಗುವವನು ಸವೆದ ವಾಷರನ್ನೇ ತೋರಿಸುವ ಹಾಗೆ. ಇನ್ನು ಸಿಸ್ಟಂ ಆನ್ ಮಾಡಿದಾಗ ಪರದೆ ಕಪ್ಪಗೇ ಉಳಿದು ಒಳಗಿನಿಂದ ಬೀಪ್ ಬೀಪ್ ಎಂದು ಕೂಗಿದರೆ, ಕಡ್ಡಿ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲಿನ ರಬ್ಬರಿನಿಂದ ಉಜ್ಜಿ, ಬಾಯಿಂದ ಉಫ್ ಎಂದು ಊದಿ, ಎರಡೂ ಬದಿಯ ಕ್ಲಿಪ್ಪು ಟಕ್ ಎನ್ನುವ ತನಕ ಒತ್ತುವುದು. ಊದುವುದರಿಂದ ಉಪಯೋಗವಿಲ್ಲ, ಉಗುಳಿನ ತೇವ ಕೆಡುಕೇ. ಆದರೂ ಊದದೆ ಕೂರಿಸಿದವರು ವಿರಳ.

ಪಾರ್ಟುಗಳ ತವರು ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಪಿ ರೋಡ್. ಕಬ್ಬಿಣದ ಸಾಮಾನು, ಮೋಟಾರು, ಯಂತ್ರದ ಬಿಡಿಭಾಗಗಳ ಹಳೆಯ ಬೀದಿ ಅದು. ಕಂಪ್ಯೂಟರ್ ಅಂಗಡಿಗಳು ನಂತರ ಬಂದು ಸೇರಿದವು. ಅಪ್ಪಂದಿರು ಬೋರ್‌ವೆಲ್ ಸಾಮಾನಿಗೆ ಸುತ್ತಿದ ಗಲ್ಲಿಗಳಲ್ಲೇ ಮಕ್ಕಳು ಮದರ್‌ಬೋರ್ಡಿಗೆ ಸುತ್ತಿದರು. ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ ದಾರಿಯ ಬಸ್ಸು, ಗೌರಿಬಿದನೂರಿನವರಿಗೆ ದೊಡ್ಡಬಳ್ಳಾಪುರದ ಮೇಲೆ ಬರುವ ರೈಲು, ಚಿಂತಾಮಣಿಯವರಿಗೆ ಹೊಸಕೋಟೆ ದಾರಿ. ವಿದ್ಯಾರ್ಥಿಗಳಿಗೆ ಬಿಡುವಿರುವ ಭಾನುವಾರವೇ ಎಸ್‌ಪಿ ರೋಡಿನ ಹೆಚ್ಚಿನ ಅಂಗಡಿಗಳಿಗೂ ರಜೆ. ಹಾಗಾಗಿ ಶನಿವಾರದ ಕ್ಲಾಸು ತಪ್ಪಿಸದೆ ಅಪ್‌ಗ್ರೇಡ್ ಇಲ್ಲ. ಮೊದಲ ಅಂಗಡಿಯಲ್ಲಿ ಬೆಲೆ ಕೇಳಿ, ನಾಲ್ಕನೆಯದರಲ್ಲಿ ಚೌಕಾಸಿ ಮಾಡಿ, ಮತ್ತೆ ಎರಡನೆಯದಕ್ಕೆ ಬಂದು ಕೊಳ್ಳುವುದು ಅಲ್ಲಿಯ ಶಾಸ್ತ್ರ. ಬಿಲ್ ಸಹಿತ ಒಂದು ಬೆಲೆ, ರಹಿತ ಒಂದು ಬೆಲೆ. ಬಿಲ್ ಬಿಟ್ಟವನು ಆ ಹೊತ್ತಿಗೆ ಜಾಣ. ಮೂರು ತಿಂಗಳಿಗೆ ಗ್ರಾಫಿಕ್ಸ್ ಕಾರ್ಡು ಸತ್ತಾಗ ವಾರಂಟಿ ಕೇಳಲು ಅವನ ಕೈಯಲ್ಲಿ ಏನೂ ಇಲ್ಲ. ವಾರಂಟಿ ಇದ್ದವನಿಗೂ ಕೊಡಲು ಒಂದು ಸಲ, ತರಲು ಒಂದು ಸಲ ಬಸ್‌ಚಾರ್ಜು. ಆನ್‌ಲೈನ್ ಅಂಗಡಿಗಳು 562101, 563125ರಂಥ ಪಿನ್‌ಕೋಡುಗಳಿಗೂ ಪಾರ್ಸೆಲು ತಲುಪಿಸಲು ಶುರುಮಾಡಿದ ಮೇಲೆ ಈ ಓಡಾಟ ಇಳಿಯಿತು, ನಿಲ್ಲಲಿಲ್ಲ. ಹಳೆಯ ಕಾರ್ಡು ಕೊಟ್ಟು ಮೇಲೆ ಇಷ್ಟು ಎಂದು ವ್ಯವಹಾರ ಮಾಡಲು ಇಂದಿಗೂ ಬೀದಿಯೇ ಬೇಕು.

ಒಂದೇ ಸಲಕ್ಕೆ ಹೊಸ ಯಂತ್ರ ಕೊಳ್ಳದೆ ಭಾಗ ಭಾಗವಾಗಿ ಬದಲಿಸುವುದು ಇಲ್ಲಿಯವರಿಗೆ ಕಲಿಸಬೇಕಾದ ಪಾಠವಾಗಿರಲಿಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ನಡೆದುಬಂದದ್ದೂ ಹೀಗೇ: ಚರಕದಿಂದ ಕಾಟೇಜ್ ಬೇಸಿನ್ನಿಗೆ, ಅಲ್ಲಿಂದ ಮಲ್ಟಿಎಂಡಿಗೆ, ಶಕ್ತಿಯಿದ್ದವರು ಕೊನೆಗೆ ಆಟೋಮ್ಯಾಟಿಕ್ ಯಂತ್ರಕ್ಕೆ. ಗೂಡಿನ ಬೆಲೆ ಏರಿದ ವರ್ಷ ಯಂತ್ರ, ಇಳಿದ ವರ್ಷ ಹಳೆಯದಕ್ಕೇ ಎಣ್ಣೆ. ಟೊಮ್ಯಾಟೊ, ದ್ರಾಕ್ಷಿ, ರೇಷ್ಮೆಯ ಆದಾಯ ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಬಂದಾಗ ಒಟ್ಟಿಗೆ ಬರುತ್ತದೆ, ಬರದಿದ್ದರೆ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ಭಾಗ್ಯವೂ ಆ ತಾಳಕ್ಕೇ ಕುಣಿಯಿತು.

ರ‍್ಯಾಮ್ ಹಾಕಿದ ಮೇಲೂ ಓಡದ ಆಟಗಳು ಬಂದಾಗ ಗ್ರಾಫಿಕ್ಸ್ ಕಾರ್ಡಿನ ಯುಗ ತೆರೆಯಿತು. ಅಗ್ಗದ ಸಿಸ್ಟಮ್ಮುಗಳಲ್ಲಿ ಚಿತ್ರದ ಕೆಲಸವನ್ನು ಮದರ್‌ಬೋರ್ಡಿನೊಳಗಿನ ಚಿಪ್ಪೇ ಮಾಡುತ್ತಿತ್ತು, ಅದೂ ಮುಖ್ಯ ಮೆಮೊರಿಯಲ್ಲಿ ಪಾಲು ಕಿತ್ತುಕೊಂಡು. ನೀರಿನ ಹೊಳಪು, ನೆರಳು ಬರೆಯುವ ಪಿಕ್ಸೆಲ್ ಶೇಡರ್ ಅದರಲ್ಲಿ ಇರಲಿಲ್ಲ. ಅದನ್ನು ಕೇಳುವ ಆಟ ಒಂದು ಸಾಲಿನ ಎರರ್ ತೋರಿಸಿ ಮುಚ್ಚಿಕೊಳ್ಳುತ್ತಿತ್ತು. ಪೆಂಟಿಯಂ 4 ಕಾಲದ 845 ಜಿವಿ ಚಿಪ್‌ಸೆಟ್ಟಿನ ಬೋರ್ಡು ಕೊಂಡವರ ಪಾಡು ಇನ್ನೂ ಕಷ್ಟ. ಅಗ್ಗವೆಂದು ಕೊಂಡ ಆ ಬೋರ್ಡಿನಲ್ಲಿ ಕಾರ್ಡು ಕೂರಿಸುವ ಎಜಿಪಿ ಸ್ಲಾಟೇ ಇಲ್ಲ. ಕೊಳ್ಳುವ ದಿನ ಕೆಲವೇ ನೂರು ರೂಪಾಯಿ ಉಳಿಸಿದ್ದಕ್ಕೆ, ಆಟದ ಆಸೆ ಹುಟ್ಟಿದ ದಿನ ಬೋರ್ಡನ್ನೇ ಬದಲಿಸಬೇಕಾಯಿತು. ಸ್ಲಾಟು ಇದ್ದವರೂ ಹೆಚ್ಚು ದಿನ ನೆಮ್ಮದಿಯಾಗಿರಲಿಲ್ಲ. 2004ರಿಂದ ಪಿಸಿಐ ಎಕ್ಸ್‌ಪ್ರೆಸ್ ಎಂಬ ಹೊಸ ಸ್ಲಾಟು ಬಂದು ಎಜಿಪಿ ಕಾರ್ಡುಗಳು ಮೂಲೆ ಸೇರಿದವು. ಯಾವ ಸ್ಲಾಟು ಎಂಬುದನ್ನು ಹಣಕ್ಕಿಂತ ಮೊದಲು ಕೇಳಬೇಕು ಎಂಬ ಪಾಠ ಆಗ ಊರೂರಿಗೆ ಹರಡಿತು.

ಕಾರ್ಡು ಕೂತರೂ ಸಾಕಾಗಲಿಲ್ಲ. ಅದಕ್ಕೆ ಕರೆಂಟು ಬೇಕು. ಈ ಸೀಮೆಯ ಅಪ್‌ಗ್ರೇಡಿನ ಕಥೆಯಲ್ಲಿ ಹೆಚ್ಚು ಯಂತ್ರಗಳನ್ನು ಕೊಂದ ಪಾರ್ಟು ಯಾವುದು ಎಂದರೆ, ಯಾರೂ ನೋಡದ ಎಸ್‌ಎಂಪಿಎಸ್, ಅಂದರೆ ಯಂತ್ರಕ್ಕೆ ಕರೆಂಟು ಉಣಿಸುವ ಡಬ್ಬಿ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಂತೆ ಬರುವ ಆ ಡಬ್ಬಿಯ ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದರ ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಸಾಲಿಗೆ 16 ಆಂಪಿಯರ್ ಎಂದಿದ್ದರೆ, ಪ್ರೊಸೆಸರಿಗೂ ಕಾರ್ಡಿಗೂ ನಿಜವಾಗಿ ಸಿಗುವುದು 192 ವ್ಯಾಟ್ ಅಷ್ಟೆ. ಆಟ ರಂಗೇರಿದಾಗ, ಅಂದರೆ ಹೊಗೆ, ಸ್ಫೋಟ, ಓಟ ಎಲ್ಲ ಒಟ್ಟಿಗೆ ಪರದೆಗೆ ಬಂದಾಗ, ಸಿಸ್ಟಂ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ವೈರಸ್ಸು ಎಂದು ಫಾರ್ಮ್ಯಾಟ್ ಹೊಡೆಸಿದವರು ಎಷ್ಟೋ ಜನ. ತಿಳಿದವರು ಮಾತ್ರ ಎಸ್‌ಎಂಪಿಎಸ್ಸನ್ನು ಹೊರತೆಗೆದು, ಅದರ ದೊಡ್ಡ ಪ್ಲಗ್ಗಿನ ಹಸಿರು ತಂತಿಯನ್ನೂ ಕಪ್ಪು ತಂತಿಯನ್ನೂ ಒಂದು ತುಂಡು ವೈರಿನಿಂದ ಕೂಡಿಸಿ ಫ್ಯಾನು ತಿರುಗುತ್ತದೋ ಎಂದು ನೋಡುತ್ತಿದ್ದರು. ತಿರುಗಿತೆಂದರೆ ಜೀವ ಇದೆ ಎಂದಷ್ಟೇ ಅರ್ಥ. ಭಾರ ಹೊರುತ್ತದೆ ಎಂದಲ್ಲ.

ಇದರ ಮೇಲೆ ಕರೆಂಟು ಹೋಗಿಬರುವ ಕಾಟ. ಯುಪಿಎಸ್ ಇಲ್ಲದ ಸಿಸ್ಟಂ ಈ ಊರುಗಳಲ್ಲಿ ಅಪರೂಪ. ಸಾಮಾನ್ಯವಾಗಿ 600 ವಿಎ ಯುಪಿಎಸ್ಸು, ಒಳಗೆ 12 ವೋಲ್ಟು 7 ಆಂಪಿಯರ್-ಅವರಿನ ಒಂದು ಬ್ಯಾಟರಿ. ಬರೀ ಟೈಪು ಮಾಡುವ ಸಿಸ್ಟಮ್ಮನ್ನು ಅದು ಹತ್ತು ಹದಿನೈದು ನಿಮಿಷ ಕಾಯುತ್ತಿತ್ತು. ಗ್ರಾಫಿಕ್ಸ್ ಕಾರ್ಡು ಹಾಕಿ ಆಟ ಓಡಿಸುವಾಗ ಕರೆಂಟು ಹೋದರೆ ಒಂದು ಉದ್ದನೆ ಬೀಪು, ಕೂಡಲೇ ಕತ್ತಲು. ಇನ್ನೊಂದು ಸಂಗತಿ ಅರ್ಥಿಂಗು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಎಸ್‌ಎಂಪಿಎಸ್ಸಿನ ಫಿಲ್ಟರಿನಿಂದ ಸೋರುವ ಸಣ್ಣ ಕರೆಂಟು ಹೋಗಲು ದಾರಿಯಿಲ್ಲದೆ ಕ್ಯಾಬಿನೆಟ್ಟಿನ ತಗಡಿನಲ್ಲೇ ನಿಲ್ಲುತ್ತದೆ. ಬರಿಗಾಲಲ್ಲಿ ನಿಂತು ಮುಟ್ಟಿದರೆ ಬೆರಳು ಜುಮ್ ಎನ್ನುತ್ತದೆ. ಬೋರ್‌ವೆಲ್ಲು ಸಾವಿರ ಅಡಿ ದಾಟಿದರೂ ನೀರು ಕಾಣದ ಬಯಲುಸೀಮೆಯ ಒಣ ಮಣ್ಣಿನಲ್ಲಿ, ಉಪ್ಪು ಇದ್ದಿಲು ಹಾಕಿ ಹೂತ ಅರ್ಥಿಂಗ್ ಗುಂಡಿಗೂ ಆಗಾಗ ನೀರು ಹೊಯ್ಯದಿದ್ದರೆ ಅದು ಹೆಸರಿಗಷ್ಟೇ ಅರ್ಥಿಂಗು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಬೇಸಗೆಯಲ್ಲಿ ಆ ಗುಂಡಿಗೆ ಕೊಡ ಬಗ್ಗಿಸುವವರು ಯಾರು?

ಫೋನ್ ಲೈನಿನ ಇತಿಹಾಸ ಇದಕ್ಕೆ ಸಮಾನಾಂತರವಾಗಿ ನಡೆಯಿತು. ಚಿಂತಾಮಣಿಗೆ 08154, ಗೌರಿಬಿದನೂರಿಗೆ 08155, ಚಿಕ್ಕಬಳ್ಳಾಪುರಕ್ಕೆ 08156, ಶಿಡ್ಲಘಟ್ಟಕ್ಕೆ 08158 ಎಂದು ಒಂದೊಂದಕ್ಕೂ ಬೇರೆ ಎಸ್‌ಟಿಡಿ ಕೋಡಿದ್ದ ಕಾಲದಲ್ಲಿ, ಮೋಡೆಮ್ಮಿನ ಕೀಚಲು ಸದ್ದಿನ ಡಯಲಪ್ಪಿನಲ್ಲಿ ಮೇಲ್ ನೋಡುವುದೇ ದೊಡ್ಡದು. ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ತಂದಾಗ ವೇಗ 256 ಕಿಲೋಬಿಟ್. 2007ರಿಂದ 2 ಮೆಗಾಬಿಟ್. ತಿಂಗಳಿಗೆ 500 ರೂಪಾಯಿಯ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಎಷ್ಟು ಬೇಕಾದರೂ ಡೌನ್‌ಲೋಡ್ ಮಾಡಬಹುದಿತ್ತು. ಅಲಾರಂ ಇಟ್ಟು 2 ಗಂಟೆಗೆ ಎದ್ದು ಮೋಡೆಮ್ ಹಚ್ಚಿ, 8ಕ್ಕೆ ಮುಂಚೆ ಆರಿಸಲು ಮರೆತು ಬಿಲ್ ಏರಿಸಿಕೊಂಡ ಮನೆಗಳು ರಾಜ್ಯದ ತುಂಬ ಇದ್ದವು. ಆದರೆ ಆನ್‌ಲೈನ್ ಆಟಕ್ಕೆ ವೇಗಕ್ಕಿಂತ ದೊಡ್ಡದು ಪಿಂಗು, ಅಂದರೆ ಒಂದು ಸಂದೇಶ ಸರ್ವರಿಗೆ ಹೋಗಿ ಮರಳುವ ಹೊತ್ತು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ದೂರದ ತಾಮ್ರದ ಲೈನು, ಕಂಬದ ಮೇಲಿನ ತುಕ್ಕು ಹಿಡಿದ ಜೋಡಣೆ, ಮಳೆ ಬಂದರೆ ಕರಕರ, ಮೇಲಾಗಿ ಸರ್ವರು ಸಿಂಗಪುರದಲ್ಲಿ. ಮಿಲಿಸೆಕೆಂಡು ಮೂರಂಕಿ ಮುಟ್ಟಿದಾಗ ಎದುರಾಳಿ ಗುಂಡು ಹೊಡೆದು ಹೋದ ಮೇಲೆ ಪರದೆಯಲ್ಲಿ ಕಾಣಿಸುತ್ತಿದ್ದ. ಎಂಥ ಕಾರ್ಡು ಹಾಕಿದರೂ ಈ ಕಾಯಿಲೆಗೆ ಮದ್ದಿರಲಿಲ್ಲ. ‘ಲ್ಯಾಗ್ ಹೊಡೀತಿದೆ’ ಎಂಬ ಒಂದೇ ಮಾತಿನಲ್ಲಿ ಯಂತ್ರದ ದೋಷ, ಲೈನಿನ ದೋಷ ಎರಡನ್ನೂ ಕಟ್ಟಿಹಾಕಿದ್ದರಿಂದ, ಲೈನು ಕೆಟ್ಟಿದ್ದಕ್ಕೆ ರ‍್ಯಾಮ್ ಹಾಕಿಸಿದವರೂ ಉಂಟು.

ಈ ಇತಿಹಾಸದ ತಿರುವು 2017. ಆ ವರ್ಷದ ಮಾರ್ಚಿನಲ್ಲಿ ಅರೆಬೆಂದ ರೂಪದಲ್ಲೂ ಡಿಸೆಂಬರಿನಲ್ಲಿ ಪೂರ್ಣ ರೂಪದಲ್ಲೂ ಬಂದ ಪಬ್‌ಜಿ, ನೂರು ಜನರನ್ನು ಒಂದು ದ್ವೀಪಕ್ಕೆ ಇಳಿಸಿ ಒಬ್ಬನುಳಿಯುವ ತನಕ ಕಾದಾಡಿಸುವ ಆಟ. ಕಂಪ್ಯೂಟರಿನಲ್ಲಿ ಆಗ ಅದರ ಬೆಲೆ 999 ರೂಪಾಯಿ ಇತ್ತು. ಅದು ಕೇಳಿದ ಕನಿಷ್ಠ ಯಂತ್ರ: ಇಂಟೆಲ್ ಐ5-4430 ಪ್ರೊಸೆಸರ್, 8 ಜಿಬಿ ರ‍್ಯಾಮ್, 2 ಜಿಬಿಯ ಜಿಟಿಎಕ್ಸ್ 960 ಕಾರ್ಡು. ಕೌಂಟರ್-ಸ್ಟ್ರೈಕ್ 1.6ರ 96 ಎಂಬಿಗೆ ಹೋಲಿಸಿದರೆ ಮೆಮೊರಿಯೊಂದೇ 85 ಪಟ್ಟು. ಹೊಸದಾಗಿ ಕಟ್ಟಿಸುವುದಾದರೆ ಹಳ್ಳಿಯ ಮನೆಯ ಲೆಕ್ಕಕ್ಕೆ ಸಿಗದ ಮಾತು. ಆದರೆ ಯಾರೂ ಯೋಜಿಸದ ಒಂದು ಕಾಕತಾಳೀಯ ನಡೆಯಿತು. ಐ5-4430 ಎಂಬುದು 2013ರ, ನಾಲ್ಕನೇ ತಲೆಮಾರಿನ ಪ್ರೊಸೆಸರ್. ಬೆಂಗಳೂರಿನ ಕಚೇರಿಗಳು ಕಂಪ್ಯೂಟರುಗಳನ್ನು ನಾಲ್ಕೈದು ವರ್ಷಕ್ಕೆ ಬದಲಿಸುತ್ತವೆ. 2017–18ರ ಹೊತ್ತಿಗೆ ಅವು ಹೊರಹಾಕುತ್ತಿದ್ದದ್ದು ಇದೇ ತಲೆಮಾರಿನ ಐ5 ಯಂತ್ರಗಳನ್ನು: ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ, ಲೆನೊವೊ ಥಿಂಕ್‌ಸೆಂಟರ್. ಐಟಿ ಪಾರ್ಕಿನಲ್ಲಿ ಎಕ್ಸೆಲ್ ತೆರೆಯುತ್ತಿದ್ದ ಪೆಟ್ಟಿಗೆ ಎಸ್‌ಪಿ ರೋಡಿನಲ್ಲಿ ‘ಸೆಕೆಂಡ್ಸ್’ ಆಗಿ, ಚಿಂತಾಮಣಿಯ ನಡುಮನೆಯಲ್ಲಿ ಯುದ್ಧರಂಗವಾಯಿತು. ರಾಜಧಾನಿಯ ಕಸ ಅರವತ್ತು ಎಪ್ಪತ್ತು ಕಿಲೋಮೀಟರಿನಾಚೆ ಕನಿಷ್ಠ ಅರ್ಹತೆಯ ಗೆರೆಯನ್ನು ಸರಿಯಾಗಿ ಮುಟ್ಟಿತು.

ಆ ಪೆಟ್ಟಿಗೆಗೆ ಕಾರ್ಡು ಕೂರಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕಚೇರಿಯ ಯಂತ್ರ ತೆಳ್ಳಗೆ, ಪುಸ್ತಕದ ಹಾಗೆ ನಿಲ್ಲುವಂಥದು. ಸಾಮಾನ್ಯ ಎತ್ತರದ ಕಾರ್ಡು ಒಳಗೆ ಹಿಡಿಯದು. ಅದರ ವಿದ್ಯುತ್ ಪೂರೈಕೆ 255 ವ್ಯಾಟಿನದು, ಬೋರ್ಡಿಗೆ ಹೋಗುವ ಪ್ಲಗ್ಗೂ ಕಂಪನಿಯದೇ ಆಕಾರದ್ದು. ಪೇಟೆಯ ಎಸ್‌ಎಂಪಿಎಸ್ ತಂದು ಹಾಕುವ ಹಾಗಿಲ್ಲ. ಹಾಗಾಗಿ ಬೇಕಾದದ್ದು ಎರಡು ಗುಣವಿರುವ ಕಾರ್ಡು: ಅರ್ಧ ಎತ್ತರದ್ದು, ಮತ್ತು ಬೇರೆ ತಂತಿ ಕೇಳದೆ ಸ್ಲಾಟಿನ 75 ವ್ಯಾಟಿನಲ್ಲೇ ಓಡುವಂಥದು. 2016ರ ಕೊನೆಗೆ ಬಂದ ಜಿಟಿಎಕ್ಸ್ 1050 ಟಿಐ ಕಾರ್ಡಿನ ಅರ್ಧ ಎತ್ತರದ ಮಾದರಿ ಈ ಎರಡಕ್ಕೂ ಒಪ್ಪಿತು. ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟು ಹರಿಯಲು ಬಿಟ್ಟು, ಪಕ್ಕದ ತಗಡು ಎತ್ತಿದರೆ ಮೊದಲು ಕಾಣುವುದು ಕಚೇರಿಯ ಏಸಿಯಲ್ಲಿ ಕೂತ ನುಣುಪು ಬೂದಿಧೂಳು. ಈ ಕಡೆಯ ಕೆಂಪು ಮಣ್ಣು ಅದರ ಮೇಲೆ ಇನ್ನೂ ಕೂರಬೇಕು. ಕಾರ್ಡಿನ ಉದ್ದದ ಪಟ್ಟಿ ಬಿಚ್ಚಿ ಗಿಡ್ಡ ಪಟ್ಟಿ ಹಾಕಿ, ಸ್ಲಾಟಿಗೆ ಒತ್ತಿ, ಸ್ಕ್ರೂ ತಿರುಗಿಸಿ, ಮುಚ್ಚಿ, ಆನ್ ಮಾಡಿದಾಗ ಪರದೆಯಲ್ಲಿ ‘ನೋ ಸಿಗ್ನಲ್’. ಇಲ್ಲಿಗೆ ಬಂದು ಎದೆ ಒಡೆದುಕೊಂಡವರಿಗೆ ಲೆಕ್ಕವಿಲ್ಲ. ಕಾರಣ ಸಣ್ಣದು. ಮನೆಯ ಹಳೆಯ ಮಾನಿಟರಿಗೆ ಇರುವುದು ನೀಲಿ ತಲೆಯ ವಿಜಿಎ ಕೇಬಲ್ಲು. ಈ ಕಾರ್ಡಿನಲ್ಲಿ ವಿಜಿಎ ತೂತೇ ಇಲ್ಲ. ಕೇಬಲ್ಲು ಬೋರ್ಡಿನ ಹಳೆಯ ಜಾಗದಲ್ಲೇ ಉಳಿದಿದೆ, ಚಿತ್ರ ಹೊಸ ಜಾಗದಿಂದ ಬರುತ್ತಿದೆ. ಬೇಕಾದದ್ದು ಎಚ್‌ಡಿಎಂಐನಿಂದ ವಿಜಿಎಗೆ ತಿರುಗಿಸುವ ಒಂದು ಗೇಣಿನ ಕನ್ವರ್ಟರು. ಹತ್ತು ಸಾವಿರ ರೂಪಾಯಿಗೆ ಮೇಲಿನ ಕಾರ್ಡು ಕೈಯಲ್ಲಿ ಹಿಡಿದು, ಕೆಲವೇ ನೂರರ ಕನ್ವರ್ಟರಿಗೆ ಊರಿನ ಸಿಸಿಟಿವಿ ಅಂಗಡಿ, ಕೇಬಲ್ ಅಂಗಡಿ ಅಲೆಯುವುದು; ಸಿಗದಿದ್ದರೆ ಮತ್ತೆ ಬೆಳಗಿನ ಬಸ್ಸು.

ಇಷ್ಟೆಲ್ಲ ಒದ್ದಾಟ ಬೇಡವೆಂದವರಿಗೆ 2018ರ ಮಾರ್ಚಿನಲ್ಲಿ ಅದೇ ಆಟ ಮೊಬೈಲಿಗೆ ಬಂತು. 2016ರ ಸೆಪ್ಟೆಂಬರಿನಿಂದ ಜಿಯೋ ಡೇಟಾ ಅಗ್ಗ ಮಾಡಿಟ್ಟಿದ್ದರಿಂದ ಹಳ್ಳಿಯ ಕಟ್ಟೆಗಳಲ್ಲೂ ‘ಎನಿಮಿ ಅಹೆಡ್’ ಕೇಳತೊಡಗಿತು. ಮೊಬೈಲ್ ಆಟವನ್ನು ಕೀಬೋರ್ಡಿನಲ್ಲಿ ಆಡಲು ಎಮ್ಯುಲೇಟರ್ ಹಾಕಿಕೊಳ್ಳುವ ಅಡ್ಡದಾರಿಯೂ ಹುಟ್ಟಿತು. ಬಯೋಸಿನಲ್ಲಿ ವರ್ಚುವಲೈಸೇಷನ್ ಆನ್ ಮಾಡಿ, 4 ಜಿಬಿಯನ್ನು 8 ಮಾಡಿಕೊಂಡರೆ ಕಾರ್ಡಿಲ್ಲದೆಯೂ ಕೆಲಸ ಸಾಗುತ್ತಿತ್ತು. 2019ರ ಜುಲೈನಲ್ಲಿ ಭಾರತಕ್ಕೆ ಬಂದ ಪಬ್‌ಜಿ ಲೈಟ್ ಐ3 ಪ್ರೊಸೆಸರಿನಲ್ಲಿ, ಒಳಗಿನ ಗ್ರಾಫಿಕ್ಸಿನಲ್ಲೇ ಓಡಿತು. 2021ರ ಏಪ್ರಿಲಿನಲ್ಲಿ ಅದರ ಬಾಗಿಲು ಮುಚ್ಚಿತು. ಅಷ್ಟರಲ್ಲಿ, 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪುಗಳಲ್ಲಿ ಪಬ್‌ಜಿ ಮೊಬೈಲೂ ಸೇರಿತ್ತು. ಕಂಪ್ಯೂಟರಿನ ಪಬ್‌ಜಿ ಉಳಿಯಿತು. ಅದೇ ವರ್ಷ ಜೂನಿನಲ್ಲಿ ಬಂದ ವ್ಯಾಲರೆಂಟ್ ಹಳೆಯ ಕೋರ್ 2 ಡ್ಯುಯೊ ಯಂತ್ರವನ್ನೂ ಕನಿಷ್ಠ ಅರ್ಹತೆಯೊಳಗೆ ಸೇರಿಸಿಕೊಂಡು, ಸರ್ವರನ್ನು ಮುಂಬೈಯಲ್ಲಿ ಇಟ್ಟುಕೊಂಡದ್ದರಿಂದ ಬೇಗ ಹಬ್ಬಿತು. ಕೋವಿಡ್ಡಿನ ಆನ್‌ಲೈನ್ ಕ್ಲಾಸು ಅನೇಕ ಮನೆಗಳಿಗೆ ಕಂಪ್ಯೂಟರ್ ತಂದ ಕಾಲವದು. 2000ದ ಹಳೆಯ ಕಾರಣ ಅಕ್ಷರ ಬದಲಾಗದೆ ಮರಳಿತು: ಓದಿಗೆ.

ಆದರೆ ಆಗ ಕಾರ್ಡೇ ಸಿಗದಾಯಿತು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ‘ಗಣಿಗಾರಿಕೆ’ಗೆ ಜಗತ್ತಿನಾದ್ಯಂತ ಗ್ರಾಫಿಕ್ಸ್ ಕಾರ್ಡುಗಳನ್ನು ಮೂಟೆಯಲ್ಲಿ ಕೊಂಡಿದ್ದರಿಂದ, ಚಿಪ್ಪಿನ ಕೊರತೆಯೂ ಸೇರಿ, 2020–21ರಲ್ಲಿ ಬೆಲೆ ಗಗನಕ್ಕೇರಿತು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಆ ಪದ್ಧತಿಯನ್ನೇ ಬಿಟ್ಟಿತು, ಹಗಲೂ ರಾತ್ರಿ ದುಡಿದು ಬೆಂದ ಕಾರ್ಡುಗಳು ಸೆಕೆಂಡ್ಸ್ ಪೇಟೆಗೆ ಸುರಿದವು. ಅವುಗಳಲ್ಲಿ ಆರ್‌ಎಕ್ಸ್ 580 ಅಗ್ಗ ಮತ್ತು ಶಕ್ತ. ಅದೊಂದೇ 185 ವ್ಯಾಟ್ ಕುಡಿಯುತ್ತದೆ ಎಂಬುದನ್ನು, 12 ವೋಲ್ಟಿನಲ್ಲಿ 192 ವ್ಯಾಟಿನ ಎಸ್‌ಎಂಪಿಎಸ್ ಇಟ್ಟುಕೊಂಡವರು ಸುಟ್ಟ ವಾಸನೆಯಿಂದ ತಿಳಿದರು.

ಈಗ ಕೇಬಲ್ ಟಿವಿಯವರು ಎಳೆದ ಫೈಬರು ಈ ಊರುಗಳ ಓಣಿಗಳಿಗೂ ಬಂದಿದೆ, ಪಿಂಗು ಎರಡಂಕಿಗೆ ಇಳಿದಿದೆ. ಲೈನಿನ ದೂರು ಕ್ಷೀಣಿಸಿ, ಡಿಸ್ಕಿನ ಜಾಗದ ದೂರು ಮೇಲೆದ್ದಿದೆ: 2023ರ ಸೆಪ್ಟೆಂಬರಿನಲ್ಲಿ ಬಂದ ಕೌಂಟರ್-ಸ್ಟ್ರೈಕ್ 2 ಕೇಳುವುದು 85 ಜಿಬಿ, ಅಂದರೆ 2003ರ ಇಡೀ ಹಾರ್ಡ್‌ಡಿಸ್ಕಿನ ಎರಡು ಪಟ್ಟು. ಇನ್ನು ನಾಲ್ಕನೇ ತಲೆಮಾರಿನ ಪೆಟ್ಟಿಗೆಗಳ ಕಾಲ ಮುಗಿದಂತೆಯೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್ಲಿನಲ್ಲಿ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ವಿಂಡೋಸ್ 11ರಲ್ಲಿ ವ್ಯಾಲರೆಂಟ್ ಕೂಡ ಆ ಟಿಪಿಎಮ್ಮನ್ನು ಕೇಳುತ್ತದೆ. ಹಿಂದೆ ಆಟ ‘ನಿಧಾನ’ವಾಗಿ ಓಡುತ್ತಿತ್ತು, ಕಡ್ಡಿಯೋ ಕಾರ್ಡೋ ಹಾಕಿ ಸುಧಾರಿಸಬಹುದಿತ್ತು. ಈಗ ಬಾಗಿಲಲ್ಲೇ ಗುರುತಿನ ಚೀಟಿ ಕೇಳುತ್ತಾರೆ; ಒಂದೊಂದೇ ಪಾರ್ಟು ಬದಲಿಸುವ ಪದ್ಧತಿಗೆ ಇದಕ್ಕಿಂತ ದೊಡ್ಡ ಪೆಟ್ಟು ಹಿಂದೆ ಬಿದ್ದಿರಲಿಲ್ಲ. ಸಾಲದ್ದಕ್ಕೆ ಎಐ ಡೇಟಾ ಸೆಂಟರುಗಳ ಹಸಿವಿನಿಂದ 2025ರ ಕೊನೆಗೆ ರ‍್ಯಾಮ್ ಬೆಲೆಯೂ ಏರಿದೆ.

ಹಳೆಯ ಸಿಸ್ಟಮ್ಮಿಗೆ ಇನ್ನೂ ದುಡ್ಡು ಹಾಕುವ ಮನಸ್ಸಿದ್ದವರು ಬಸ್ಸು ಹತ್ತುವ ಮುನ್ನ ಮೂರು ಸಂಗತಿ ನೋಡಿಕೊಳ್ಳಬೇಕು: ಪ್ರೊಸೆಸರಿನ ತಲೆಮಾರು, ಎಸ್‌ಎಂಪಿಎಸ್ಸಿನ ಸ್ಟಿಕ್ಕರಿನಲ್ಲಿ 12 ವೋಲ್ಟಿನ ಸಾಲು, ಮತ್ತು ಗೋಡೆಯ ಸಾಕೆಟ್ಟಿನ ಮೂರನೆಯ, ದೊಡ್ಡ ತೂತಿನ ಹಿಂದೆ ನಿಜವಾಗಿ ತಂತಿ ಇದೆಯೋ ಎಂಬುದು.